ಎಂಪಿತ್ರೀ ಪ್ಲೇಯರ್ ಕೆಟ್ಟಿದೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಫೋನಿನ ಗೊಡವೆಯಿಲ್ಲದೆ ಹಾಡು ಕೇಳಲೆಂದು ಪುಟ್ಟ ಪ್ಲೇಯರ್ ಇಟ್ಟುಕೊಂಡವರು ಬರೆದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅನುಮಾನದಲ್ಲಿ ಮುಗಿಯುತ್ತವೆ: ಇದು ಕೆಟ್ಟಿದೆಯೇ? ಬಹುಪಾಲು ಕೆಟ್ಟಿರುವುದಿಲ್ಲ. ಕಡಿಮೆ ಬೆಲೆಯ ಪ್ಲೇಯರಿನ ಚಿಪ್ಪಿಗೆ ಹಾಡು ನುಡಿಸುವಷ್ಟು ಶಕ್ತಿ ಧಾರಾಳವಾಗಿ ಇರುತ್ತದೆ. ಹೆಸರುಗಳನ್ನು ಸಾಲಾಗಿ ಜೋಡಿಸುವುದು, ಎಲ್ಲ ಲಿಪಿ ತೋರಿಸುವುದು, ಹಾಡಿನಿಂದ ಹಾಡಿಗೆ ದನಿಯ ಮಟ್ಟ ಸರಿದೂಗಿಸುವುದು ಅದರ ಕೈಲಾಗದ ಕೆಲಸ. ಅವನ್ನು ಕಂಪ್ಯೂಟರಿನಲ್ಲೇ ಮುಗಿಸಿ ಕೊಡಬೇಕು.

ಪ್ರಶ್ನೆ: ಒಂದು ನಾಟಕದ ಧ್ವನಿಮುದ್ರಣವನ್ನು 24 ಭಾಗವಾಗಿ ಪ್ಲೇಯರಿಗೆ ಹಾಕಿದ್ದೇನೆ. ಕಂಪ್ಯೂಟರಿನಲ್ಲಿ ನೋಡಿದರೆ ಸಾಲಾಗಿಯೇ ಇವೆ. ಪ್ಲೇಯರಿನಲ್ಲಿ ಮಾತ್ರ 7 ಆದಮೇಲೆ 3, ಆಮೇಲೆ 19 ಬರುತ್ತದೆ. ಶಫಲ್ ಆಫ್ ಮಾಡಿದ್ದೇನೆ.

ಉತ್ತರ: ಕಂಪ್ಯೂಟರ್ ನಿಮಗೆ ತೋರಿಸುವ ಮೊದಲು ಹೆಸರುಗಳನ್ನು ಜೋಡಿಸಿಕೊಳ್ಳುತ್ತದೆ. ಅಗ್ಗದ ಪ್ಲೇಯರ್ ಜೋಡಿಸುವುದಿಲ್ಲ. ಪ್ರತಿ ಫೋಲ್ಡರಿಗೂ ಮೆಮೊರಿಯಲ್ಲಿ ಒಂದು ಪಟ್ಟಿ ಇರುತ್ತದೆ, ಅದನ್ನು ಮೇಲಿನಿಂದ ಕೆಳಗೆ ಓದುತ್ತಾ ಹೋಗುತ್ತದೆ, ಅಷ್ಟೇ. ಫೈಲುಗಳು ಯಾವ ಕ್ರಮದಲ್ಲಿ ಒಳಗೆ ಬಂದವೋ ಪಟ್ಟಿಯೂ ಅದೇ ಕ್ರಮದಲ್ಲಿರುತ್ತದೆ. ಇನ್ನೊಂದು ತೊಡಕೂ ಇದೆ: ನಡುವೆ ಒಂದು ಫೈಲ್ ಅಳಿಸಿದರೆ ಅದರ ಸಾಲು ಖಾಲಿಯಾಗುತ್ತದೆ, ಆಮೇಲೆ ಹಾಕಿದ ಫೈಲ್ ಬಂದು ಆ ಖಾಲಿ ಜಾಗದಲ್ಲೇ ಕೂರಬಹುದು. ನಿನ್ನೆ ಹಾಕಿದ 24ನೇ ಭಾಗ 3ರ ಪಕ್ಕದಲ್ಲಿ ಬರುವುದು ಹೀಗೆ.

ಮೊದಲು ಹೆಸರು ಸರಿಮಾಡಿ. 1, 2, 3 ಎಂದು ಬರೆಯದೆ 01, 02, 03 ಎಂದು ಬರೆಯಿರಿ, ಇಲ್ಲವಾದರೆ ಅಕ್ಷರಕ್ರಮದಲ್ಲಿ ಜೋಡಿಸುವ ಪ್ಲೇಯರಿನಲ್ಲೂ 1 ಆದಮೇಲೆ 10 ಬರುತ್ತದೆ. ನೂರಕ್ಕಿಂತ ಹೆಚ್ಚು ಭಾಗಗಳಿದ್ದರೆ 001. ಆಮೇಲೆ ಪ್ಲೇಯರಿನಲ್ಲಿರುವ ಹಳೆಯ ಫೋಲ್ಡರನ್ನು ಪೂರ್ತಿ ಅಳಿಸಿ, ಹೊಸದೊಂದು ಮಾಡಿ. ಕಂಪ್ಯೂಟರಿನಲ್ಲಿ ಎಲ್ಲ 24 ಫೈಲುಗಳನ್ನು ಆಯ್ದು, 01ನೆಯದನ್ನೇ ಹಿಡಿದು ಎಳೆದು ತನ್ನಿ. ವಿಂಡೋಸ್ ಸಾಮಾನ್ಯವಾಗಿ ಹಿಡಿದ ಫೈಲಿನಿಂದಲೇ ನಕಲು ಶುರುಮಾಡುತ್ತದೆ. ನಡುವಿನದನ್ನು ಹಿಡಿದು ಎಳೆದರೆ ಕ್ರಮವೂ ನಡುವಿನಿಂದಲೇ ಹೊರಡುತ್ತದೆ.

ಫೋಲ್ಡರುಗಳು ಬಹಳ ಇದ್ದರೆ ಇಷ್ಟು ತಾಳ್ಮೆ ಬೇಡ. ಡ್ರೈವ್‌ಸಾರ್ಟ್, ಫ್ಯಾಟ್‌ಸಾರ್ಟ್ ಎಂಬ ಉಚಿತ ಸಾಫ್ಟ್‌ವೇರುಗಳಿವೆ. ಅವು ಹಾಡುಗಳನ್ನು ಮುಟ್ಟದೆ ಪಟ್ಟಿಯನ್ನಷ್ಟೇ ಹೆಸರಿನ ಪ್ರಕಾರ ಮತ್ತೆ ಬರೆಯುತ್ತವೆ. ಪಟ್ಟಿ ಬರೆಯುವಾಗ ಕೇಬಲ್ ಕಳಚಿಕೊಂಡರೆ ಎಲ್ಲ ಹೋದೀತು, ಹಾಗಾಗಿ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇರಲೇಬೇಕು. ಕೊನೆಗೆ, ಪ್ಲೇಯರಿನ ‘ಆಲ್ಬಮ್’ ಮೆನುವಿನಿಂದ ಹೋಗಬೇಡಿ, ‘ಫೋಲ್ಡರ್’ ಮೆನುವಿನಿಂದ ಹೋಗಿ. ಆಲ್ಬಮ್ ಮೆನು ಫೈಲಿನೊಳಗೆ ಹೆಸರು, ಗಾಯಕರು ಮುಂತಾದ ವಿವರ ಬರೆದಿಡುವ ಟ್ಯಾಗಿನಲ್ಲಿರುವ ಟ್ರ್ಯಾಕ್ ಸಂಖ್ಯೆ ನೋಡುತ್ತದೆ, ಅದು ಖಾಲಿ ಇದ್ದರೆ ಮತ್ತೆ ಗಲಿಬಿಲಿ.

ಪ್ರಶ್ನೆ: ಇದ್ದಕ್ಕಿದ್ದಂತೆ ಗಾಯಕರ ದನಿಯೇ ಮಾಯ! ತಬಲಾ, ಪಿಟೀಲು ಕೇಳುತ್ತವೆ, ಹಾಡುವವರು ಎಲ್ಲೋ ಬಾವಿಯೊಳಗೆ ಇದ್ದ ಹಾಗೆ. ಎಲ್ಲ ಹಾಡಿಗೂ ಹೀಗೇ. ಪ್ಲೇಯರಿನ ಸೆಟ್ಟಿಂಗ್ ಏನಾದರೂ ಬದಲಾಗಿದೆಯೇ?

ಉತ್ತರ: ಸೆಟ್ಟಿಂಗ್ ಅಲ್ಲ. ಇಯರ್‌ಫೋನಿನ ಗ್ರೌಂಡ್, ಅಂದರೆ ವಿದ್ಯುತ್ತು ಹಿಂತಿರುಗುವ ದಾರಿ, ಕೂಡಿಕೊಂಡಿಲ್ಲ. ಪಿನ್ನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ತುದಿ ಎಡಗಿವಿಗೆ, ಅದರ ಹಿಂದಿನ ತುಂಡು ಬಲಗಿವಿಗೆ, ಬುಡದ ತುಂಡು ಎರಡಕ್ಕೂ ಸೇರಿದ ಗ್ರೌಂಡ್. ಗ್ರೌಂಡ್ ತಪ್ಪಿದಾಗ ವಿದ್ಯುತ್ತು ಎಡಗಡೆಯಿಂದ ಒಳಹೊಕ್ಕು ಬಲಗಡೆಯಿಂದ ಹೊರಬೀಳುತ್ತದೆ. ಆಗ ಎರಡು ಕಿವಿಗೂ ಕೇಳುವುದು ಎಡ-ಬಲಗಳ ನಡುವಿನ ವ್ಯತ್ಯಾಸ ಮಾತ್ರ. ಗಾಯಕರ ದನಿಯನ್ನು ಸಾಮಾನ್ಯವಾಗಿ ಎರಡು ಕಡೆಗೂ ಸಮನಾಗಿ ಬೆರೆಸಿರುತ್ತಾರೆ. ಸಮನಾದದ್ದನ್ನು ಕಳೆದರೆ ಉಳಿಯುವುದೇನು? ಒಂದು ಬದಿಗೆ ವಾಲಿಸಿ ಬೆರೆಸಿದ ವಾದ್ಯಗಳು ಮಾತ್ರ ಉಳಿಯುತ್ತವೆ.

ಈಗ ಕಾರಣ ಹುಡುಕೋಣ. ಮೊದಲು ಬೇರೊಂದು ಇಯರ್‌ಫೋನ್ ಹಾಕಿ ನೋಡಿ. ಅದರಲ್ಲೂ ಹೀಗೇ ಆದರೆ ತೊಂದರೆ ಪ್ಲೇಯರಿನಲ್ಲಿ ಪಿನ್ ಕೂರುವ ತೂತಿನಲ್ಲಿ, ಅಂದರೆ ಜ್ಯಾಕಿನಲ್ಲಿದೆ. ಜೇಬಿನ ನೂಲಿನ ಎಳೆ, ಧೂಳು ಒಳಗೆ ಒತ್ತಿ ಒತ್ತಿ ಗಟ್ಟಿಯಾಗಿ, ಪಿನ್ ‘ಟಿಕ್’ ಎಂದು ಪೂರ್ತಿ ಕೂರುವುದಿಲ್ಲ. ಪ್ಲೇಯರ್ ಆಫ್ ಮಾಡಿ, ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ, ಸೇಫ್ಟಿಪಿನ್ ಬೇಡವೇ ಬೇಡ, ಒಳಗಿನ ಸ್ಪ್ರಿಂಗ್ ಪಟ್ಟಿಗಳು ಬಾಗಿದರೆ ಜ್ಯಾಕ್ ಬದಲಿಸಬೇಕಾಗುತ್ತದೆ. ದಪ್ಪ ಸಿಲಿಕಾನ್ ಕವರ್ ಹಾಕಿದ್ದರೆ ಅದನ್ನೂ ತೆಗೆದು ನೋಡಿ, ಪಿನ್ನಿಗೆ ಅಡ್ಡ ಬರುವುದು ಎಷ್ಟೋ ಸಲ ಅದೇ.

ಬೇರೆ ಇಯರ್‌ಫೋನಿನಲ್ಲಿ ಸರಿಯಾಗಿ ಕೇಳಿಸಿದರೆ ನಿಮ್ಮದರ ಪಿನ್ನಿನ ಮೇಲಿನ ಕಪ್ಪು ಬಳೆಗಳನ್ನು ಎಣಿಸಿ. ಎರಡಿದ್ದರೆ ಬರೀ ಇಯರ್‌ಫೋನ್. ಮೂರಿದ್ದರೆ ಮೈಕ್ ಇರುವ, ಫೋನಿಗೆಂದು ಮಾಡಿದ ಹೆಡ್‌ಸೆಟ್. ಅದರ ಮೈಕಿನ ಗುಂಡಿ ಒತ್ತಿ ಹಿಡಿಯಿರಿ. ಒತ್ತಿದಾಗ ದನಿ ಬಂದು, ಬಿಟ್ಟಾಗ ಹೋದರೆ ಉತ್ತರ ಸಿಕ್ಕಿತು: ಪ್ಲೇಯರಿನ ಗ್ರೌಂಡ್ ಪಟ್ಟಿ ಹೆಡ್‌ಸೆಟ್ಟಿನ ಮೈಕ್ ತುಂಡಿಗೆ ತಾಗುತ್ತಿದೆ, ಗುಂಡಿ ಒತ್ತಿದಾಗ ಮೈಕ್ ಮತ್ತು ಗ್ರೌಂಡ್ ಒಳಗೇ ಒಂದಾಗುತ್ತವೆ. ಪಿನ್ನನ್ನು ಕೂದಲೆಳೆಯಷ್ಟು ಹೊರಗೆಳೆದರೆ ಸರಿಹೋಗಬಹುದು, ಆದರೆ ನಡೆದಾಡುವಾಗ ನಿಲ್ಲುವುದಿಲ್ಲ. ಎರಡು ಬಳೆಯ ಇಯರ್‌ಫೋನ್ ತೆಗೆದುಕೊಳ್ಳುವುದೇ ನೆಟ್ಟಗಿನ ದಾರಿ. ಇನ್ನು ಪಿನ್ನಿನ ಬುಡದಲ್ಲಿ ವೈರನ್ನು ಅಲ್ಲಾಡಿಸಿದಾಗ ದನಿ ಬಂದು ಹೋಗಿ ಮಾಡಿದರೆ ಗ್ರೌಂಡ್ ತಂತಿ ಒಳಗೆ ತುಂಡಾಗುತ್ತಿದೆ.

ಪ್ರಶ್ನೆ: 64 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್ ಹಾಕಿದರೆ ‘ಕಾರ್ಡ್ ಇಲ್ಲ’ ಎನ್ನುತ್ತದೆ. ಅದೇ ಕಾರ್ಡ್ ಫೋನಿನಲ್ಲಿ ನಡೆಯುತ್ತದೆ.

ಉತ್ತರ: 32 ಜಿಬಿವರೆಗಿನ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32 ಎಂಬ, ಫೈಲುಗಳನ್ನು ಜೋಡಿಸಿಡುವ ವಿನ್ಯಾಸದಲ್ಲಿ ಬರುತ್ತವೆ, ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್‌ನಲ್ಲಿ. ಅಗ್ಗದ ಪ್ಲೇಯರುಗಳಲ್ಲಿ ಬಹಳಷ್ಟಕ್ಕೆ ಎಕ್ಸ್‌ಫ್ಯಾಟ್ ಓದಲು ಬರುವುದಿಲ್ಲ. ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿ ದೊಡ್ಡ ಕಾರ್ಡಿಗೆ ಫ್ಯಾಟ್32 ಆಯ್ಕೆಯನ್ನೇ ತೋರಿಸದಿದ್ದರೆ ರೂಫಸ್‌ನಂಥ ಉಚಿತ ಸಾಫ್ಟ್‌ವೇರಿನಿಂದ ಮಾಡಬಹುದು. ಕಾರ್ಡಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಹೀಗೆ ಮಾಡಿದ 64 ಜಿಬಿ ಕಾರ್ಡನ್ನು ಕೆಲವು ಪ್ಲೇಯರ್ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪಿದರೂ ಪ್ರತಿ ಸಲ ಆನ್ ಮಾಡಿದಾಗ ಸಾವಿರಾರು ಹಾಡುಗಳ ಪಟ್ಟಿ ಮಾಡುತ್ತಾ ಕೂರಬಹುದು.

ನಮ್ಮ ಸಲಹೆ 32 ಜಿಬಿ ಕಾರ್ಡ್. ಲೆಕ್ಕ ನೋಡಿ: 192 ಕೆಬಿಪಿಎಸ್ (ಸೆಕೆಂಡಿಗೆ 192 ಕಿಲೋಬಿಟ್) ಎಂಪಿತ್ರೀ ನಿಮಿಷಕ್ಕೆ 1.44 ಎಂಬಿ, ಐದು ನಿಮಿಷದ ಹಾಡಿಗೆ 7.2 ಎಂಬಿ. 32 ಜಿಬಿಯಲ್ಲಿ ಹತ್ತಿರ ಹತ್ತಿರ 4,400 ಹಾಡು ಹಿಡಿಯುತ್ತವೆ. ಹಗಲೂ ರಾತ್ರಿ ನಿಲ್ಲಿಸದೆ ಕೇಳಿದರೂ ಹದಿನೈದು ದಿನ ಬೇಕು.

ಪ್ರಶ್ನೆ: ಮೊದಲು ಹಾಕಿದ ಹಾಡುಗಳು ಚೆನ್ನಾಗಿವೆ. ಆಮೇಲೆ ಹಾಕಿದವುಗಳಲ್ಲಿ ಕೆಲವು ಕರಕರ ಎನ್ನುತ್ತವೆ, ಕೆಲವು 0:00 ತೋರಿಸಿ ಮುಂದಿನದಕ್ಕೆ ಹಾರುತ್ತವೆ.

ಉತ್ತರ: ಮೊದಲ ಅನುಮಾನ ನಕಲಿ ಕಾರ್ಡಿನ ಮೇಲೆ. ಇಂಥ ಕಾರ್ಡಿನೊಳಗೆ ನಿಜವಾಗಿ ಇರುವುದು 4 ಅಥವಾ 8 ಜಿಬಿ ಮೆಮೊರಿ, ಆದರೆ ಅದರ ಕಂಟ್ರೋಲರ್ ಚಿಪ್ ‘ನನ್ನಲ್ಲಿ 32 ಇದೆ’ ಎಂದು ಹೇಳುವಂತೆ ಮಾಡಿರುತ್ತಾರೆ. ನಿಜವಾದ ಜಾಗ ಇರುವತನಕ ಎಲ್ಲ ಸರಿ. ಅದು ಮುಗಿದ ಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಅಥವಾ ಹಳೆಯದರ ಮೇಲೆಯೇ ಕೂರುತ್ತದೆ. ಹೆಸರು ಕಾಣುತ್ತದೆ, ಹಾಡು ಇರುವುದಿಲ್ಲ. ಮೋಸ ಇಷ್ಟು ತಡವಾಗಿ ತಿಳಿಯುವುದೇ ಬೇಸರದ ಸಂಗತಿ, ಅಷ್ಟರಲ್ಲಿ ಕಾರ್ಡ್ ಹಿಂತಿರುಗಿಸುವ ಅವಧಿ ಮುಗಿದಿರುತ್ತದೆ. ಆದ್ದರಿಂದ ಹೊಸ ಕಾರ್ಡ್ ಕೈಗೆ ಬಂದ ದಿನವೇ ಪರೀಕ್ಷಿಸಿ. ವಿಂಡೋಸಿಗೆ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ಗೆ ಎಫ್3 ಎಂಬ ಉಚಿತ ಸಾಫ್ಟ್‌ವೇರುಗಳಿವೆ. ಅವು ಕಾರ್ಡನ್ನು ಕಂಠಪೂರ್ತಿ ತುಂಬಿಸಿ, ಬರೆದದ್ದನ್ನೆಲ್ಲ ಮತ್ತೆ ಓದಿ ತಾಳೆ ನೋಡುತ್ತವೆ. ಸೆಕೆಂಡಿಗೆ 10 ಎಂಬಿ ಬರೆಯುವ 32 ಜಿಬಿ ಕಾರ್ಡಿಗೆ ಬರೆಯಲಿಕ್ಕೇ ಸುಮಾರು 55 ನಿಮಿಷ ಬೇಕು, ಓದುವ ಹೊತ್ತು ಬೇರೆ. ಪ್ಲೇಯರಿನ ಒಳಗಿನ ಮೆಮೊರಿಗೂ ಇದೇ ಪರೀಕ್ಷೆ ನಡೆಯುತ್ತದೆ.

ಪರೀಕ್ಷೆಯಲ್ಲಿ ಕಾರ್ಡ್ ಪಾಸಾದರೆ, ‘ಇಜೆಕ್ಟ್’ ಮಾಡದೆ ಕೇಬಲ್ ಕಿತ್ತದ್ದರಿಂದ ಹಾಡುಗಳು ಅರ್ಧಂಬರ್ಧ ಬರೆದಿರಬಹುದು. ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿ.

ಪ್ರಶ್ನೆ: 8 ಜಿಬಿ ಪ್ಲೇಯರ್ ಕಂಪ್ಯೂಟರಿನಲ್ಲಿ 7.4 ಎಂದು ತೋರಿಸುತ್ತದೆ. ಇದೂ ಮೋಸವೇ?

ಉತ್ತರ: ಅಲ್ಲ. ತಯಾರಕರಿಗೆ 1 ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸಿಗೆ 107 ಕೋಟಿ ಚಿಲ್ಲರೆ. ಭಾಗಿಸಿ ನೋಡಿದರೆ 7.45 ಬರುತ್ತದೆ. ಪ್ಲೇಯರಿನ ಸ್ವಂತ ಸಾಫ್ಟ್‌ವೇರಿಗೆ ಸ್ವಲ್ಪ ಜಾಗ ಹೋಗುವುದೂ ಉಂಟು.

ಪ್ರಶ್ನೆ: ಹಾಡಿನ ಹೆಸರನ್ನು ಕನ್ನಡದಲ್ಲಿ ಬರೆದರೆ ಬರೀ ಚೌಕಗಳು ಕಾಣುತ್ತವೆ. ಕೆಲವು ಹಾಡಿಗೆ ಹೆಸರು ಬದಲಿಸಿದರೂ ಹಳೆಯ ಹೆಸರೇ ಬರುತ್ತದೆ.

ಉತ್ತರ: ಚೌಕ ಎಂದರೆ ಪ್ಲೇಯರಿನ ಫಾಂಟಿನಲ್ಲಿ ಆ ಅಕ್ಷರವೇ ಇಲ್ಲ. ಕನ್ನಡ ಫಾಂಟ್ ಇದ್ದರೂ ಸಾಲದು, ಒತ್ತಕ್ಷರವನ್ನು ಕೂಡಿಸಿ ಬರೆಯುವ ಸಾಫ್ಟ್‌ವೇರೂ ಒಳಗಿರಬೇಕು. ಇಲ್ಲದಿದ್ದರೆ ‘ಭಕ್ತಿ’ ಎಂಬುದು ‘ಭಕ್‌ತಿ’ ಎಂದು ಬಿಡಿಬಿಡಿಯಾಗಿ ಕಾಣುತ್ತದೆ. ಹೊರಗಿನಿಂದ ಫಾಂಟ್ ಸೇರಿಸುವ ಸೌಲಭ್ಯ ಇಂಥ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕನ್ನಡದ ಹೆಸರು ಕಂಪ್ಯೂಟರಿನ ಮೂಲ ಪ್ರತಿಯಲ್ಲಿ ಹಾಗೇ ಇರಲಿ, ಪ್ಲೇಯರಿನ ಪ್ರತಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ನಮ್ಮ ಲಿಪಿಯನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ ನಿಜ, ಆದರೆ ಚೌಕಗಳ ಸಾಲಿನಲ್ಲಿ ಹಾಡು ಹುಡುಕಲಾಗದು.

ಹಳೆಯ ಹೆಸರು ಬರುವುದು ಟ್ಯಾಗಿನಿಂದ. ನೀವು ಬದಲಿಸಿದ್ದು ಫೈಲಿನ ಹೆಸರನ್ನು, ಪ್ಲೇಯರ್ ತೋರಿಸುತ್ತಿರುವುದು ಫೈಲಿನ ಒಳಗೆ ಬರೆದಿಟ್ಟದ್ದನ್ನು. ಎಂಪಿತ್ರೀಟ್ಯಾಗ್ ಎಂಬ ಸಾಫ್ಟ್‌ವೇರಿನಲ್ಲಿ ಹೆಸರು, ಗಾಯಕರು, ಟ್ರ್ಯಾಕ್ ಸಂಖ್ಯೆ ತಿದ್ದಿ ಐಡಿ3ವಿ2.3 ಎಂಬ ಟ್ಯಾಗ್ ಮಾದರಿಯಲ್ಲಿ ಉಳಿಸಿ. 2.4 ಹೊಸದಾದರೂ ಹಳೆಯ ಚಿಪ್ಪುಗಳು 2.3ನ್ನೇ ಚೆನ್ನಾಗಿ ಓದುತ್ತವೆ. ಹಾಡಿನ ಚಿತ್ರ ಸೇರಿಸುವುದಾದರೆ 300 × 300 ಪಿಕ್ಸೆಲ್ ಸಾಕು. ದೊಡ್ಡ ಚಿತ್ರವಿದ್ದರೆ ಹಾಡು ಶುರುವಾಗುವುದೇ ತಡವಾಗುತ್ತದೆ.

ಪ್ರಶ್ನೆ: ಒಂದು ಹಾಡು ಪಿಸುಗುಟ್ಟುತ್ತದೆ, ಮುಂದಿನದು ಕಿವಿ ಹರಿಯುವಷ್ಟು ಜೋರು. ಪ್ರತಿ ಸಲ ವಾಲ್ಯೂಮ್ ತಿರುಗಿಸಿ ಸಾಕಾಗಿದೆ.

ಉತ್ತರ: ಎಂಪಿತ್ರೀಗೇನ್ ಎಂಬ ಸಾಫ್ಟ್‌ವೇರ್ ಬಳಸಿ. ಇದು ಹಾಡನ್ನು ಬಿಚ್ಚಿ ಮತ್ತೆ ಕಟ್ಟುವುದಿಲ್ಲ, ಹಾಗಾಗಿ ಗುಣಮಟ್ಟ ಇಳಿಯುವುದಿಲ್ಲ. ಫೈಲಿನ ಪ್ರತಿ ತುಣುಕಿನಲ್ಲೂ ದನಿಯ ಮಟ್ಟ ಹೇಳುವ ಒಂದು ಅಂಕಿ ಇರುತ್ತದೆ, ಅದನ್ನಷ್ಟೇ 1.5 ಡೆಸಿಬೆಲ್ ಮೆಟ್ಟಿಲಿನಲ್ಲಿ ಏರಿಸುತ್ತದೆ ಅಥವಾ ಇಳಿಸುತ್ತದೆ. ಗುರಿಯನ್ನು ಅದು ತಾನಾಗಿ ಇಟ್ಟುಕೊಂಡಿರುವ 89ರಲ್ಲೇ ಬಿಡಿ. ಬೇರೆ ಬೇರೆ ಕಡೆಯಿಂದ ಕೂಡಿಸಿದ ಹಾಡುಗಳಿಗೆ ‘ಟ್ರ್ಯಾಕ್ ಗೇನ್’. ಒಂದೇ ಕಛೇರಿಯ ಧ್ವನಿಮುದ್ರಣವಾದರೆ ‘ಆಲ್ಬಮ್ ಗೇನ್’, ಇಲ್ಲದಿದ್ದರೆ ಆಲಾಪವೂ ತನಿ ಆವರ್ತನವೂ ಒಂದೇ ಜೋರಿಗೆ ಬಂದು ಕಛೇರಿಯ ಏರಿಳಿತವೇ ಹೋಗುತ್ತದೆ. ಇದು ಎಂಪಿತ್ರೀ ಫೈಲುಗಳಿಗೆ ಮಾತ್ರ.

ಪ್ರಶ್ನೆ: ಎರಡು ಗಂಟೆಯ ಉಪನ್ಯಾಸ ಕೇಳುವಾಗ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಮುಂದೆ ಓಡಿಸಿದರೆ ತೋರಿಸುವ ಸಮಯವೂ ತಪ್ಪು.

ಉತ್ತರ: ಎಂಪಿತ್ರೀಡೈರೆಕ್ಟ್‌ಕಟ್ ಎಂಬ ಸಾಫ್ಟ್‌ವೇರಿನಲ್ಲಿ 15 ನಿಮಿಷದ ತುಂಡುಗಳಾಗಿ ಕತ್ತರಿಸಿ. ತಪ್ಪಿದರೂ ಹದಿನೈದು ನಿಮಿಷದೊಳಗೇ ತಪ್ಪುತ್ತದೆ. ಸಮಯ ತಪ್ಪಾಗಿ ಕಾಣುವುದು ಫೈಲ್ ವಿಬಿಆರ್ ಆಗಿದ್ದಾಗ, ಅಂದರೆ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬ ಲೆಕ್ಕ) ಕ್ಷಣಕ್ಷಣಕ್ಕೂ ಬದಲಾಗುವಾಗ. ಪ್ಲೇಯರ್ ಮೊದಲ ತುಣುಕಿನ ಬಿಟ್‌ರೇಟ್ ನೋಡಿ ಇಡೀ ಫೈಲಿನ ಉದ್ದವನ್ನು ಅಂದಾಜು ಮಾಡುತ್ತದೆ. ಒಂದೇ ಬಿಟ್‌ರೇಟಿಗೆ, ಎಂದರೆ ಸಿಬಿಆರ್‌ಗೆ ಬದಲಿಸಿಕೊಳ್ಳಿ. ಮಾತಿಗೆ 64 ಕೆಬಿಪಿಎಸ್ ಮೋನೊ (ಎರಡು ಕಿವಿಗೂ ಒಂದೇ ದನಿ) ಸಾಕು, ಗಂಟೆಗೆ 29 ಎಂಬಿ ಆಗುತ್ತದೆ.

ಪ್ರಶ್ನೆ: ಪ್ಲೇಯರಿಗೆ ಟೈಪ್-ಸಿ ಇದೆ. ಎರಡೂ ತುದಿ ಟೈಪ್-ಸಿ ಇರುವ ಫೋನ್ ಕೇಬಲ್ ಹಾಕಿದರೆ ಚಾರ್ಜೇ ಆಗುವುದಿಲ್ಲ.

ಉತ್ತರ: ಟೈಪ್-ಸಿ ಚಾರ್ಜರ್, ಎದುರಿನ ಉಪಕರಣದಲ್ಲಿ 5.1 ಕಿಲೋ ಓಮ್‌ನ ರೆಸಿಸ್ಟರ್ ಎಂಬ ಪುಟ್ಟ ಬಿಡಿಭಾಗ ಕಂಡರೆ ಮಾತ್ರ ವಿದ್ಯುತ್ ಬಿಡುತ್ತದೆ. ಕೆಲವು ಪ್ಲೇಯರುಗಳಲ್ಲಿ ಖರ್ಚು ಉಳಿಸಲು ಅದನ್ನು ಹಾಕಿರುವುದೇ ಇಲ್ಲ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಬಳಸಿ, ಅದರಲ್ಲಿ ಈ ವಿಚಾರಣೆ ಇಲ್ಲ. ಚಾರ್ಜ್ ಆಗಿಯೂ ಕಂಪ್ಯೂಟರಿನಲ್ಲಿ ಕಾಣದಿದ್ದರೆ ಅದು ಡೇಟಾ ತಂತಿಯಿಲ್ಲದ ಕೇಬಲ್, ಬೇರೆಯದು ಹಾಕಿ.

ಪ್ರಶ್ನೆ: ಎಂಟು ತಿಂಗಳು ಡ್ರಾಯರಿನಲ್ಲಿಟ್ಟಿದ್ದೆ. ಈಗ ಜೀವವೇ ಇಲ್ಲ.

ಉತ್ತರ: ಆಫ್ ಮಾಡಿದರೂ ಇಂಥ ಪ್ಲೇಯರುಗಳು ಸ್ವಲ್ಪ ಸ್ವಲ್ಪ ಬ್ಯಾಟರಿ ಎಳೆಯುತ್ತಲೇ ಇರುತ್ತವೆ. ಒಳಗಿರುವುದು ಪುಟ್ಟ ಲಿಥಿಯಂ ಬ್ಯಾಟರಿ, ತುಂಬಿದಾಗ 4.2 ವೋಲ್ಟ್. 3 ವೋಲ್ಟಿಗಿಂತ ಕೆಳಗೆ ಇಳಿದರೆ ಅದಕ್ಕೆ ಕೇಡು. ಚಾರ್ಜರಿಗೆ ಹಾಕಿ ಅರ್ಧ ಗಂಟೆ ಮುಟ್ಟದೆ ಬಿಡಿ, ಪರದೆ ಬೆಳಗದಿದ್ದರೂ ಒಳಗೆ ನಿಧಾನವಾಗಿ ತುಂಬುತ್ತಿರಬಹುದು. ಆಮೇಲೆ ಪವರ್ ಗುಂಡಿಯನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ. ರೀಸೆಟ್ ತೂತು ಇದ್ದರೆ ಪೇಪರ್ ಕ್ಲಿಪ್ಪಿನ ತುದಿಯಿಂದ ಒತ್ತಿ. ಎರಡು ಗಂಟೆಯಾದರೂ ಸುಳಿವಿಲ್ಲದಿದ್ದರೆ ಬ್ಯಾಟರಿ ಹೋಗಿದೆ. ಮುಂದೆ ಬಳಸದೆ ಇಡುವಾಗ ಅರ್ಧ ಚಾರ್ಜ್ ಮಾಡಿ ತಂಪಾದ ಕಡೆ ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ನೋಡಿ.

ಚಾರ್ಜರಿಗೆ ಹಾಕುವ ಮೊದಲು ಒಂದು ಕೆಲಸ: ಪ್ಲೇಯರನ್ನು ಮೇಜಿನ ಮೇಲೆ ಅಂಗಾತ ಇಟ್ಟು ಬದಿಯಿಂದ ನೋಡಿ. ಪರದೆ ಒಂದು ಅಂಚಿನಲ್ಲಿ ಎದ್ದಿದ್ದರೆ, ಹಿಂಬದಿ ಉಬ್ಬಿ ತೊಟ್ಟಿಲಿನಂತೆ ತೂಗಿದರೆ, ಬ್ಯಾಟರಿ ಊದಿಕೊಂಡಿದೆ. ಚಾರ್ಜ್ ಮಾಡಬೇಡಿ, ಅದುಮಿ ಕೂರಿಸಬೇಡಿ, ಚುಚ್ಚಬೇಡಿ, ಬೆಂಕಿ ಹತ್ತಬಹುದು. ಮನೆಯ ಕಸಕ್ಕೂ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕೊಡುವ ಮೊದಲು ಮೆಮೊರಿ ಕಾರ್ಡ್ ಹೊರತೆಗೆಯಿರಿ, ಅದರಲ್ಲಿರುವ ಹಾಡುಗಳಿಗೆ ಏನೂ ಆಗಿರುವುದಿಲ್ಲ.