ಮ್ಯೂಸಿಯಂ ಟೂರ್‌ಗೆ ಐದು ಜಾಗ ಬೇಡ, ಒಂದು ಕಲ್ಲು ಸಾಕು

ಈ ಸಲ ಬಂದ ಪ್ರಶ್ನೆಗಳಲ್ಲಿ ಮ್ಯೂಸಿಯಂ, ಕೋಟೆ, ಶಾಸನಗಳದ್ದೇ ಜಾಸ್ತಿ. ಶಾಲಾ ಪ್ರವಾಸದ ಸೀಸನ್ ಹತ್ತಿರ ಬಂತಲ್ವಾ, ಅದಕ್ಕೇ ಇರಬೇಕು. ಮಕ್ಕಳ ಜೊತೆ ಗ್ಯಾಲರಿಗಳಲ್ಲಿ ಓಡಾಡಿಕೊಂಡೇ ವರ್ಷಗಳನ್ನು ಕಳೆದವಳು ನಾನು. ಗೊತ್ತಿರುವಷ್ಟು ಹೇಳುತ್ತೇನೆ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಎಂಟನೇ ತರಗತಿಯ 42 ಮಕ್ಕಳನ್ನು ಪ್ರತಿವರ್ಷ ಒಂದು ದಿನ ಬೆಂಗಳೂರು ಸುತ್ತಿಸುತ್ತೇವೆ. ಲಾಲ್‌ಬಾಗ್, ಟಿಪ್ಪು ಅರಮನೆ, ಎರಡು ಮ್ಯೂಸಿಯಂ, ಕಬ್ಬನ್ ಪಾರ್ಕ್. ವಾಪಸ್ ಬಂದ ಮೇಲೆ ಕೇಳಿದರೆ ಚುರುಮುರಿ ತಿಂದಿದ್ದು ಮಾತ್ರ ನೆನಪು. ಕೆಲವರಿಗೆ ಸರಿಯಾಗಿ ಓದಲೂ ಬರುವುದಿಲ್ಲ. ಏನು ಮಾಡಲಿ? — ಆನೇಕಲ್ ತಾಲ್ಲೂಕಿನ ಓದುಗರು

ಮೇಡಂ, ಕೋಪ ಮಾಡ್ಕೋಬೇಡಿ. ಮೊದಲು ಆ ಪಟ್ಟಿಯಲ್ಲಿ ನಾಲ್ಕು ಜಾಗ ಹೊಡೆದುಹಾಕಿ. ಚುರುಮುರಿ ಇರಲಿ.

ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಇದೆಯಲ್ಲ, 1865ರಲ್ಲಿ ಶುರುವಾದದ್ದು, ಈಗ ಕೆಂಪು ಕಟ್ಟಡದಲ್ಲಿರುವುದು, ಅಲ್ಲಿಗೆ ಹೋಗಿ. ಹೊರಡುವ ಮುಂಚೆ ಫೋನ್ ಮಾಡಿ ಯಾವ ಗ್ಯಾಲರಿ ತೆರೆದಿದೆ ಎಂದು ಕೇಳಿಕೊಳ್ಳಿ. ಅಲ್ಲಿರುವುದನ್ನೆಲ್ಲ ನೋಡಬೇಡಿ. ಆತಕೂರಿನ ಕಲ್ಲೊಂದೇ ಸಾಕು. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದದ್ದು, ಕ್ರಿ.ಶ. 949ರ ಸುಮಾರಿನದು. ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಇದೆ. ಸುತ್ತ ಹಳಗನ್ನಡದ ಬರಹ.

ಕಥೆಯನ್ನು ಮೊದಲೇ ಹೇಳಿಬಿಡಬೇಡಿ. ಏಳೇಳು ಮಕ್ಕಳ ಆರು ಗುಂಪು ಮಾಡಿ. ಒಂದು ಗುಂಪು ಈ ಕಲ್ಲಿನ ಮುಂದೆ ಕೂತಾಗ ಉಳಿದವರು ಅಲ್ಲೇ ಬೇರೆ ವೀರಗಲ್ಲುಗಳನ್ನು ನೋಡಲಿ. ಕೂತವರಿಗೆ ಮೂರೇ ಪ್ರಶ್ನೆ. ಇಲ್ಲಿ ಏನು ನಡೀತಿದೆ? ಯಾವುದನ್ನು ನೋಡಿ ಹಾಗಂದೆ? ಇನ್ನೇನು ಕಾಣುತ್ತೆ? ಇದು ನನ್ನ ಜಾಣತನವಲ್ಲ. ಅಮೆರಿಕದ ಫಿಲಿಪ್ ಯೆನವೈನ್ ಮತ್ತು ಅಬಿಗೇಲ್ ಹೌಸನ್ ಎಂಬಿಬ್ಬರು ರೂಪಿಸಿದ ವಿಧಾನ, ಎಷ್ಟೋ ಮ್ಯೂಸಿಯಂಗಳಲ್ಲಿ ಬಳಕೆಯಲ್ಲಿದೆ. ಮೂರರಲ್ಲಿ ತೂಕ ಇರುವುದು ಎರಡನೆಯದಕ್ಕೆ. "ನಾಯಿ ಗೆಲ್ತಿದೆ ಮಿಸ್" ಎಂದ ಹುಡುಗ ಅದನ್ನು ಕಲ್ಲಿನಲ್ಲೇ ತೋರಿಸಬೇಕು. ತೋರಿಸುವಾಗ ಇನ್ನೊಬ್ಬಳು "ಇಲ್ಲ ಕಣೋ" ಅನ್ನುತ್ತಾಳೆ. ನೀವು ಬಾಯಿ ಹಾಕಬೇಡಿ. ಇದೇ ನಮಗೆಲ್ಲ ಕಷ್ಟ.

ಆಮೇಲೆ ಅಕ್ಷರ ಹುಡುಕುವ ಆಟ. ಗೊತ್ತಿರುವ ಅಕ್ಷರದಂತೆ ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಓದಲು ಬಾರದ ಮಕ್ಕಳ ಚಿಂತೆ ಇಲ್ಲಿ ಕರಗುತ್ತದೆ. ಹಳಗನ್ನಡದ ಕಲ್ಲಿನ ಮುಂದೆ ಫಸ್ಟ್ ರ್‍ಯಾಂಕ್ ಹುಡುಗಿಗೂ ಸರಾಗ ಓದಲು ಆಗುವುದಿಲ್ಲ, ನಿಮಗೂ ಆಗುವುದಿಲ್ಲ. ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡುತ್ತಾರೆ. ಚಿತ್ರ ಬಿಡಿಸುವ ಕೈ ಇರುವವನು ಮುಂದೆ ಹೋಗುವುದನ್ನೂ ನೋಡಿದ್ದೇನೆ.

ಈಗ ಕಥೆ ಹೇಳಿ. ತಕ್ಕೋಲದ ಯುದ್ಧದಲ್ಲಿ ಮಣಲೆರ ಎಂಬವನು ಚೆನ್ನಾಗಿ ಹೋರಾಡಿದ. ಒಡೆಯ ಮೆಚ್ಚಿ ಏನು ಬೇಕೋ ಕೇಳು ಅಂದ. ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಾಡಿತು. ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡವನಿಗೆ ಪಾಪ ಎಂದೂ ಬರೆಸಿದರು.

ಇಲ್ಲಿಗೇ ನಿಲ್ಲಿಸಿದರೆ ಅದು ನೀತಿಕಥೆ ಆಗಿಬಿಡುತ್ತದೆ. ಇನ್ನೊಂದು ಹೆಜ್ಜೆ ಇಡಿ. ಅದೇ ತಕ್ಕೋಲದ ಯುದ್ಧದಲ್ಲಿ ಗಂಗರ ದೊರೆ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯೂ ಇದೇ ಕಲ್ಲಿನಲ್ಲಿದೆ. ಅಲ್ಲಿನ ಒಂದು ಪದವನ್ನು ಮೊದಮೊದಲು 'ಕಳ್ಳನಾಗಿ' ಎಂದು ಓದಿದರು. ಅಂದರೆ ಮೋಸದಿಂದ ಇರಿದ ಎಂದಾಯಿತು. ಆಮೇಲೆ ಅದನ್ನು 'ಬಿಸುಗೆಯೆ ಕಳನಾಗಿ' ಎಂದು ತಿದ್ದಿದರು. ಬಿಸುಗೆ ಅಂದರೆ ಅಂಬಾರಿ, ಕಳ ಅಂದರೆ ರಣರಂಗ. ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಇರಿದ ಎಂದಾಯಿತು. ಒಂದು ಒತ್ತಕ್ಷರ ಹೋದದ್ದೇ ಮೋಸಗಾರ ಶೂರನಾದ! ಇದನ್ನು ಎಂಟನೇ ಕ್ಲಾಸಿನವರಿಗೆ ಹೇಳಿ ನೋಡಿ. ಕಾಗುಣಿತದ ಬಗ್ಗೆ ಅಷ್ಟು ಗಂಭೀರವಾಗಿ ಅವರು ಹಿಂದೆಂದೂ ಯೋಚಿಸಿರುವುದಿಲ್ಲ. "ಮತ್ತೆ ನಮ್ಮ ಬುಕ್ಕಲ್ಲಿ ಇರೋದು ಸರಿ ಅಂತ ಹೇಗೆ ಗೊತ್ತು ಮಿಸ್?" ಎಂದು ಯಾರಾದರೂ ಕೇಳಿದರೆ ನಿಮ್ಮ ಪ್ರವಾಸದ ಖರ್ಚು ವಸೂಲು.

ಪ್ರಶ್ನೆ: ನನ್ನ ಹತ್ತು ವರ್ಷದ ಮಗಳಿಗೆ ಕಣ್ಣು ಕಾಣುವುದಿಲ್ಲ. ಎಲ್ಲಿ ಹೋದರೂ 'ಮುಟ್ಟಬೇಡಿ' ಬೋರ್ಡು. ಅವಳನ್ನು ಕರೆದುಕೊಂಡು ಹೋಗುವುದರಲ್ಲಿ ಅರ್ಥ ಇದೆಯಾ? — ಓದುಗರು, ಜಯನಗರ

ಇದೆ ಅಮ್ಮ. ಖಂಡಿತ ಇದೆ.

ಆ ಬೋರ್ಡು ಸುಮ್ನೆ ಹಾಕಿದ್ದಲ್ಲ. ಕೈಯ ಬೆವರು, ಜಿಡ್ಡು ಕಂಚನ್ನೂ ಬಣ್ಣ ಬಳಿದ ಮರವನ್ನೂ ನಿಧಾನವಾಗಿ ತಿನ್ನುತ್ತವೆ. ಹಾಗಂತ ಮುಟ್ಟುವ ದಾರಿಯೇ ಇಲ್ಲ ಎಂದಲ್ಲ. ಪ್ರತಿಕೃತಿ ಮಾಡಿಡಬಹುದು. ದೆಹಲಿಯ ರಾಷ್ಟ್ರೀಯ ಮ್ಯೂಸಿಯಂ 2015ರಲ್ಲಿ 'ಅನುಭವ್' ಹೆಸರಿನ ಗ್ಯಾಲರಿಯನ್ನೇ ಇದಕ್ಕಾಗಿ ತೆರೆಯಿತು. ನಮ್ಮಲ್ಲಿ ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಈ ವಿಷಯದಲ್ಲಿ ಗಮನ ಕೊಟ್ಟಿದೆ. ಈಗ ಮುಟ್ಟಿ ನೋಡಲು ಏನೇನಿದೆ ಎಂದು ಮೊದಲೇ ಕೇಳಿ. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ನಿಮಗೆ ಹತ್ತಿರ. ಅಲ್ಲಿನ ಸೌಂಡ್ ಗಾರ್ಡನ್‌ನಲ್ಲಿ ತಟ್ಟಿ, ಬಾರಿಸಿ ನಾದ ಹೊರಡಿಸಬಹುದು. ಕಣ್ಣಿರುವವರಿಗಿಂತ ನಿಮ್ಮ ಮಗಳೇ ಅಲ್ಲಿ ಹೆಚ್ಚು ಹೊತ್ತು ನಿಲ್ಲಬಹುದು. ಇನ್ನು ಲಾಲ್‌ಬಾಗ್ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು. ಬರಿಗಾಲಲ್ಲಿ ನಡೆಸಿ. ಬೆಳಗ್ಗೆ ಬೇಗ, ಬಿಸಿಲೇರಿದರೆ ಕಾಲು ಸುಡುತ್ತದೆ.

ಮುಟ್ಟಲು ಆಗದ ವಸ್ತುವನ್ನು ಮಾತಿನಲ್ಲಿ ಕಟ್ಟಿಕೊಡಬೇಕು. ಇಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕಣ್ಣು ಕಾಣದ ಒಬ್ಬ ಹುಡುಗನಿಗೆ ವೀರಗಲ್ಲಿನ ಮಣ್ಣಿನ ಪ್ರತಿ ಕೊಟ್ಟು, ಪ್ರತಿ ಗೆರೆಯನ್ನೂ ವಿವರಿಸಿದ್ದೆ. ಖುಷಿಯಿಂದ ಬೀಗುತ್ತಿದ್ದೆ. ಕೊನೆಯಲ್ಲಿ ಅವನು "ಇಷ್ಟು ಸಣ್ಣ ಸ್ಲೇಟಿಗೆ ಊರವರೆಲ್ಲ ಯಾಕೆ ಪೂಜೆ ಮಾಡ್ತಿದ್ರು ಅಕ್ಕಾ?" ಅಂದ. ಕಲ್ಲು ಅವನಿಗಿಂತ ಎತ್ತರ ಎಂದು ಹೇಳಲು ಮರೆತಿದ್ದೆ! ಅಂದಿನಿಂದ ಮೊದಲು ಅಳತೆ. ಕೈ ಎಲ್ಲಿವರೆಗೆ ಎತ್ತಬೇಕು, ತಬ್ಬಿದರೆ ತಬ್ಬಲು ಸಿಗುತ್ತದಾ. ಆಮೇಲೆ ಭಂಗಿ. ಮೂರ್ತಿ ಹೇಗೆ ನಿಂತಿದೆಯೋ ಹಾಗೇ ಅವಳನ್ನೂ ನಿಲ್ಲಿಸಿ. ಬಿಲ್ಲೆಳೆಯುವ ವೀರನ ಭುಜದ ಬಿಗಿ ಅವಳ ಭುಜಕ್ಕೇ ಗೊತ್ತಾಗುತ್ತದೆ.

ಕೇಳುವಾಗ ಸಂಕೋಚ ಬೇಡ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 29 ಕಲೆಯನ್ನು ಎಲ್ಲರಿಗೂ ಎಟಕುವಂತೆ ಮಾಡುವುದು ಸರ್ಕಾರದ ಕೆಲಸ ಎನ್ನುತ್ತದೆ. ಒಂದು ವಾರ ಮುಂಚೆ ಪತ್ರ ಬರೆಯಿರಿ. 'ಸಹಾಯ ಮಾಡಿ' ಎಂದಷ್ಟೇ ಬರೆದರೆ ಉತ್ತರ ಬರುವುದು ಕಷ್ಟ. 'ಕೈಗವಸು ಹಾಕಿಕೊಂಡು ಮುಟ್ಟಬಹುದಾದ ಮೂರು ಕಲ್ಲುಗಳನ್ನು ಸೂಚಿಸಿ' ಎಂದು ಬರೆದರೆ ಬರುತ್ತದೆ.

ಪ್ರಶ್ನೆ: ಆಟಿಸಂ ಇರುವ ಮಗನಿಗೆ ಯಂತ್ರ ಅಂದರೆ ಪ್ರಾಣ, ಗಲಾಟೆ ಅಂದರೆ ಭಯ. ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಬಹುದಾ? — ಓದುಗರು, ಯಲಹಂಕ

ಹೋಗಬಹುದು. ಡಿಸೆಂಬರ್ ಬೇಡ, ಶಾಲಾ ಬಸ್ಸುಗಳ ಸಾಲು ಇರುತ್ತದೆ. ವಾರದ ನಡುವೆ, ಬಾಗಿಲು ತೆರೆದ ಕೂಡಲೇ ಹೋಗಿ. ಗೇಟು, ಟಿಕೆಟ್ ಕೌಂಟರ್, ಮೆಟ್ಟಿಲು, ಟಾಯ್ಲೆಟ್ ಫೋಟೋಗಳನ್ನು ಹಿಂದಿನ ದಿನವೇ ಅದೇ ಕ್ರಮದಲ್ಲಿ ತೋರಿಸಿ. ಕಿವಿ ಮುಚ್ಚುವ ಹೆಡ್‌ಫೋನ್ ಜೊತೆಗಿರಲಿ. ಅವನು ಒಂದೇ ಯಂತ್ರದ ಮುಂದೆ ಅರ್ಧ ಗಂಟೆ ನಿಂತು ಸಾಕು ಅಂದರೆ, ವಾಪಸ್ ಬನ್ನಿ. ಟಿಕೆಟ್ ದುಡ್ಡಿನ ಲೆಕ್ಕ ಹಾಕಬೇಡಿ.

ಪ್ರಶ್ನೆ: ಪರಂಪರೆಯ ತಾಣಗಳಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುವ ಸಣ್ಣ ತಂಡ ನಮ್ಮದು. ಎಲ್ಲರನ್ನೂ ಸೇರಿಸಿಕೊಂಡರೆ ಮಟ್ಟ ಇಳಿಸಬೇಕಾಗುತ್ತದೆ ಎಂದು ಕೆಲವರ ವಾದ. ನೀವೇನಂತೀರಿ? — ಓದುಗರು, ಮಲ್ಲೇಶ್ವರ

ಮಟ್ಟ ಇಳಿಸುವುದು ಯಾರಿಗೆ ಎಂದು ಸ್ವಲ್ಪ ನೋಡಿ. ನಾನು ಕಂಡಂತೆ, ಇಂಗ್ಲಿಷ್ ಶಾಲೆಯ ಮಕ್ಕಳಿಗೆ 'ಸಂಶೋಧನಾ ಕಮ್ಮಟ', ಸರ್ಕಾರಿ ಶಾಲೆಯ ಮಕ್ಕಳಿಗೆ ಬಣ್ಣ ತುಂಬುವ ಹಾಳೆ ಮತ್ತು ಬಿಸ್ಕೆಟ್. ಎರಡನ್ನೂ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ನಿಜ ಹೇಳಬೇಕೆಂದರೆ ಬಿಸ್ಕೆಟ್ ಗುಂಪಿನ ಹತ್ತಿರವೇ ಜಾಸ್ತಿ ಸಾಮಾನು ಇರುತ್ತದೆ. ಮಂಡ್ಯ, ಕೋಲಾರ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳಿಗೆ ವೀರಗಲ್ಲು ಹೊಸದಲ್ಲ. ಊರಲ್ಲಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದನ್ನು ನೋಡಿರುತ್ತಾರೆ. ಮ್ಯೂಸಿಯಂನಲ್ಲಿ ಅದೇ ಕಲ್ಲು 'ವಸ್ತು', ಊರಲ್ಲಿ ದೇವರು. ಯಾಕೆ? ಈ ಪ್ರಶ್ನೆಯ ಮೇಲೆ ಇಡೀ ಬೆಳಗ್ಗೆ ಚರ್ಚೆ ಮಾಡಬಹುದು. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಗುವಿಗೆ ಕಾಳಿಯ ಕಥೆಯನ್ನು ರಾತ್ರಿ ಅಮ್ಮನಿಗೆ ಅವಳ ಭಾಷೆಯಲ್ಲೇ ಹೇಳಿ ಬಾ ಎಂದು ಕಳಿಸಿ. ಮರುದಿನ ಕಥೆಗೆ ಎಷ್ಟು ಹೊಸ ಕೊಂಬೆ ಬಂದಿವೆ ನೋಡಿ.

ದೊಡ್ಡ ಕೆಲಸವನ್ನೂ ಕೊಡಿ. ಇತಿಹಾಸದ ಅಧ್ಯಯನ ನಡೆಸುವ ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯವರು ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯ ಎಂಬ ವೀರನ ಕಲ್ಲು ಸಿಕ್ಕಿದ್ದು 2018ರಲ್ಲಿ. ಬಡಾವಣೆಯ ಮೂಲೆಯಲ್ಲಿ, ಕೆರೆ ಏರಿಯಲ್ಲಿ ಇನ್ನೂ ಕಲ್ಲುಗಳಿವೆ. ನಿಮ್ಮ ಮಕ್ಕಳು ಒಂದು ವಾರ್ಡ್ ಸುತ್ತಿ ಎಲ್ಲಿ ಏನಿದೆ, ಯಾವ ಸ್ಥಿತಿಯಲ್ಲಿದೆ, ಅಕ್ಕಪಕ್ಕದವರು ಏನಂತಾರೆ ಎಂದು ದಾಖಲಿಸಲಿ. ಗಾಲಿಕುರ್ಚಿಯ ಹುಡುಗಿ ಎಲ್ಲಿ ಚರಂಡಿ ಅಡ್ಡ ಬಂತು ಎಂದು ಬರೆದರೆ ಅದೂ ದಾಖಲೆಯೇ. ಕಲ್ಲಿಗೆ ಎಣ್ಣೆ ಹಚ್ಚುವುದು, ಚಾಕ್‌ಪೀಸ್ ಉಜ್ಜುವುದು ಮಾತ್ರ ಬೇಡ.

ಪ್ರಶ್ನೆ: ಟಿಕೆಟ್ ಫ್ರೀ ಮಾಡಿದರೆ ಎಲ್ಲರೂ ಬರುತ್ತಾರೆ ಅಲ್ವಾ? — ಓದುಗರು, ಪೀಣ್ಯ

ಟಿಪ್ಪು ಅರಮನೆಯಂಥ ಎಎಸ್‌ಐ (ಕೇಂದ್ರದ ಪುರಾತತ್ವ ಇಲಾಖೆ) ತಾಣಗಳಲ್ಲಿ 15 ವರ್ಷದೊಳಗಿನವರಿಗೆ ಈಗಲೂ ಫ್ರೀ. 2023ರಿಂದ ಹೆಂಗಸರಿಗೆ ಸಾಮಾನ್ಯ ಬಸ್ಸೂ ಫ್ರೀ. ಆದರೂ ನಿಮ್ಮ ಬೀದಿಯಲ್ಲಿ ಎಷ್ಟು ಜನ ಹೋಗಿದ್ದಾರೆ ಕೇಳಿ ನೋಡಿ. ಭಾನುವಾರವೂ ಕೆಲಸ ಇರುತ್ತದೆ, ಕುಡಿಯುವ ನೀರು ಎಲ್ಲಿ ಅಂತ ಗೊತ್ತಿರುವುದಿಲ್ಲ. ಮತ್ತೆ ಗೇಟಿನಲ್ಲಿ "ಎಲ್ಲಿಗೆ?" ಎಂದು ಗದರುವ ದನಿ. ಅಲ್ಲಿಂದ ವಾಪಸ್ ಹೋದವರನ್ನು ನಾನೇ ಕಂಡಿದ್ದೇನೆ. ನನ್ನ ಕೈಗೆ ಒಂದು ಲಕ್ಷ ಕೊಟ್ಟರೆ ಟಚ್‌ಸ್ಕ್ರೀನ್ ತರುವುದಿಲ್ಲ. ಗೇಟಿನ ಕಾವಲು ಅಣ್ಣಂದಿರನ್ನು ಎರಡು ದಿನ ಕೂರಿಸಿಕೊಂಡು ಕಾಳಿಯ ಕಥೆ ಹೇಳುತ್ತೇನೆ. "ಎಲ್ಲಿಗೆ?" ಬದಲು "ನಾಯಿ ಕಲ್ಲು ನೋಡಿದ್ರಾ? ಒಳಗೆ ಹೋಗಿ ಬಲಕ್ಕೋ ಎಡಕ್ಕೋ" ಎಂದು ಅವರೇ ಕೈತೋರಿಸಲಿ ಅಂತ.