ದೆಹಲಿಯಲ್ಲಿ ಮೂರು ದಿನ: ಕಡಿಮೆ ಖರ್ಚಿನಲ್ಲಿ ಏನೇನು ನೋಡಬಹುದು?

ನಾಲ್ಕು ಜನ, ಭಾನುವಾರ ಬೆಳಿಗ್ಗೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಇಳಿದು ಮಂಗಳವಾರದವರೆಗೆ ಇರುತ್ತೇವೆ, ಕೈ ಬಿಗಿ ಎಂದಿದ್ದೀರಿ. ದೆಹಲಿಯಲ್ಲಿ ದುಡ್ಡು ಸೋರುವುದು ಪ್ರವೇಶದ ಟಿಕೆಟ್ಟಿಗಲ್ಲ, ಆಟೋಗೆ. ಆದ್ದರಿಂದ ಜಾಗಗಳನ್ನು ಮೆಟ್ರೋ ಮಾರ್ಗದ ಪ್ರಕಾರ ಜೋಡಿಸಿಕೊಳ್ಳಿ.

ಇನ್ನೊಂದು ತೊಡಕು ಸೋಮವಾರ. ಕೆಂಪು ಕೋಟೆ, ನ್ಯಾಷನಲ್ ಮ್ಯೂಸಿಯಂ, ಲೋಟಸ್ ಟೆಂಪಲ್, ಅಕ್ಷರಧಾಮ, ಗಾಂಧೀಜಿ ಹತ್ಯೆಯಾದ ಮನೆಯಾದ ಗಾಂಧಿ ಸ್ಮೃತಿ ಎಲ್ಲಕ್ಕೂ ಅಂದು ಬೀಗ. ನಿಮ್ಮ ಮೂರು ದಿನದಲ್ಲಿ ಸೋಮವಾರ ನಡುವೆ ಬಂದಿದೆ, ಕೆಳಗಿನ ಕ್ರಮ ಅದನ್ನು ನೋಡಿಕೊಂಡೇ ಹಾಕಿದ್ದು.

ನ್ಯೂಡೆಲ್ಲಿ ಸ್ಟೇಷನ್ನಿನಲ್ಲಿ ಅಜ್ಮೇರಿ ಗೇಟ್ ಕಡೆಗೆ ಹೊರಬನ್ನಿ, ಅಂದರೆ 16ನೇ ಪ್ಲಾಟ್‌ಫಾರ್ಮ್ ಕಡೆಗೆ. ಮೆಟ್ರೋ ಇರುವುದು ಅಲ್ಲೇ. ಪಹಾಡ್‌ಗಂಜ್ ಕಡೆ ಹೋದರೆ "ಸರ್ಕಾರಿ ಟೂರಿಸ್ಟ್ ಆಫೀಸ್ ತೋರಿಸ್ತೀನಿ" ಎನ್ನುವವರು ಅಂಟಿಕೊಳ್ಳುತ್ತಾರೆ. ಅವರು ಕರೆದೊಯ್ಯುವುದು ಖಾಸಗಿ ಏಜೆಂಟರ ಅಂಗಡಿಗೆ. ಮೆಟ್ರೋ ದರ 2025ರ ಆಗಸ್ಟ್‌ನಿಂದ 11ರಿಂದ 64 ರೂಪಾಯಿ, ಭಾನುವಾರ ಸ್ವಲ್ಪ ಕಡಿಮೆ. ನೀವು ಓಡಾಡುವ ದೂರಕ್ಕೆ ಸಾಮಾನ್ಯವಾಗಿ 21 ಅಥವಾ 32 ಬೀಳುತ್ತದೆ, ಹಾಗಾಗಿ ದಿನಕ್ಕೆ ಎರಡು ಮೂರು ಸಲ ಹತ್ತುವವರಿಗೆ ದಿನದ ಲೆಕ್ಕದಲ್ಲಿ ಎಷ್ಟು ಸಲವಾದರೂ ಓಡಾಡಬಹುದಾದ ಟೂರಿಸ್ಟ್ ಕಾರ್ಡ್ ಗಿಟ್ಟುವುದಿಲ್ಲ. ಫೋನಿನಲ್ಲಿ ಕ್ಯೂಆರ್ ಟಿಕೆಟ್ ತೆಗೆದುಕೊಳ್ಳಿ, ತಲೆಗೊಂದು. ರೈಲು ಸಾಗುವ ದಿಕ್ಕಿನ ಮೊದಲ ಬೋಗಿ ಮಹಿಳೆಯರದು. ಕುಟುಂಬದ ಜತೆಗಿದ್ದರೂ ಗಂಡಸರಿಗೆ ದಂಡ ಬೀಳುತ್ತದೆ.

ಭಾನುವಾರ ಹಳೇ ದೆಹಲಿ. ಕೆಂಪು ಕೋಟೆ, ಅಲ್ಲಿಂದ ನಡೆದೇ 1656ರ ಜಾಮಾ ಮಸೀದಿ. ಮಸೀದಿಗೆ ಪ್ರವೇಶ ಉಚಿತ, ಆದರೆ ಕ್ಯಾಮೆರಾಗೆ ಶುಲ್ಕವಿದೆ, ಫೋನನ್ನೂ ಕ್ಯಾಮೆರಾ ಎಂದೇ ಲೆಕ್ಕ ಹಾಕುತ್ತಾರೆ. ನಮಾಜಿನ ಹೊತ್ತಲ್ಲಿ ಪ್ರವಾಸಿಗರನ್ನು ಬಿಡುವುದಿಲ್ಲ. ಪುಸ್ತಕದ ಹುಚ್ಚಿದ್ದರೆ ದರಿಯಾಗಂಜ್‌ನ ಭಾನುವಾರದ ಹಳೇ ಪುಸ್ತಕದ ಸಂತೆಗೆ ಹೋಗಿ. 2019ರಿಂದ ಅದು ಆಸಫ್ ಅಲಿ ರಸ್ತೆಯ ಮಹಿಳಾ ಹಾಟ್‌ನಲ್ಲಿ ನಡೆಯುತ್ತಿದೆ. ಸಂಜೆ ಚಾವಡಿ ಬಜಾರ್‌ನಿಂದ ಹಳದಿ ಮಾರ್ಗದಲ್ಲಿ ಪಟೇಲ್ ಚೌಕ್, ಅಲ್ಲಿಂದ ಬಂಗ್ಲಾ ಸಾಹಿಬ್ ಗುರುದ್ವಾರ. ತಲೆಗೆ ಬಟ್ಟೆ ಕಡ್ಡಾಯ, ಅಲ್ಲೇ ಕೊಡುತ್ತಾರೆ. ಲಂಗರ್‌ನಲ್ಲಿ, ಅಂದರೆ ಗುರುದ್ವಾರದ ಸಾಮೂಹಿಕ ಭೋಜನಶಾಲೆಯಲ್ಲಿ, ಊಟ ಯಾರಿಗಾದರೂ ಉಚಿತ. ರೊಟ್ಟಿಯನ್ನು ಎರಡೂ ಕೈ ಚಾಚಿ ಪಡೆಯಬೇಕು, ತಟ್ಟೆಯಲ್ಲಿ ಬಿಡಬಾರದು.

ಸೋಮವಾರ ಹುಮಾಯೂನ್ ಸಮಾಧಿ; ನೇರಳೆ ಮಾರ್ಗದ ಜೆಎಲ್ಎನ್ (ಜವಾಹರಲಾಲ್ ನೆಹರೂ) ಸ್ಟೇಡಿಯಂನಲ್ಲಿ ಇಳಿಯಿರಿ. ಅದೇ ಟಿಕೆಟ್ಟಿನಲ್ಲಿ ಈಸಾ ಖಾನ್ ಸಮಾಧಿಯೂ ಸಿಗುತ್ತದೆ, ಗೇಟು ದಾಟಿದ ಕೂಡಲೇ ಬಲಕ್ಕೆ, ಬಹಳ ಜನ ಬಿಟ್ಟು ಮುಂದೆ ಹೋಗುತ್ತಾರೆ. ಟಿಕೆಟ್ಟನ್ನು ಕ್ಯೂಆರ್‌ನಲ್ಲಿ ಕೊಂಡರೆ ನಗದಿಗಿಂತ ಅಗ್ಗ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಕೆಂಪು ಕೋಟೆ, ಕುತುಬ್ ಮಿನಾರ್‌ಗಳಲ್ಲೂ ಹೀಗೆಯೇ. ಆಮೇಲೆ ಲೋಧಿ ಗಾರ್ಡನ್, ಕಾಸಿಲ್ಲ. ಇಳಿಹೊತ್ತಿಗೆ ಇಂಡಿಯಾ ಗೇಟ್ ಮತ್ತು ಅದರ ಹಿಂದಿನ ರಾಷ್ಟ್ರೀಯ ಯುದ್ಧ ಸ್ಮಾರಕ, ಎರಡೂ ಉಚಿತ. ಸ್ಮಾರಕದ ಗ್ರಾನೈಟ್ ಗೋಡೆಗಳಲ್ಲಿ 25,000ಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಜನವರಿ 26ರ ಮುಂಚಿನ ದಿನಗಳಲ್ಲಿ ಬರುವುದಾದರೆ ಈ ಭಾಗವನ್ನು ನೆಚ್ಚಬೇಡಿ, ಮೆರವಣಿಗೆಯ ತಾಲೀಮಿಗೆ ರಸ್ತೆ ಮುಚ್ಚುತ್ತಾರೆ. ಆಗಸ್ಟ್ 15ರ ಮುಂಚೆ ಕೆಂಪು ಕೋಟೆಯದೂ ಅದೇ ಪಾಡು.

ಮಂಗಳವಾರ ಪೂರ್ತಿ ಹಳದಿ ಮಾರ್ಗ. ಕುತುಬ್ ಮಿನಾರ್ ನಿಲ್ದಾಣದಿಂದ ಮಿನಾರ್ ಒಂದೂವರೆ ಎರಡು ಕಿಲೋಮೀಟರ್ ದೂರ. ನಿಲ್ದಾಣದ ಬಾಗಿಲಲ್ಲೇ ಕಾಯುವ ಆಟೋದವರು ಬಾಯಿಗೆ ಬಂದಷ್ಟು ಹೇಳುತ್ತಾರೆ, ಮುಖ್ಯರಸ್ತೆಗೆ ಬಂದು ಬಸ್ಸು ಹಿಡಿಯಿರಿ. ನನ್ನ ಕೇಳಿದರೆ, ಮಿನಾರ್‌ಗಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಪಕ್ಕದ ಮೆಹ್ರೌಲಿ ಪುರಾತತ್ವ ಉದ್ಯಾನಕ್ಕೆ. ಪ್ರವೇಶ ಉಚಿತ, ಜನ ಕಡಿಮೆ. 13ನೇ ಶತಮಾನದ ಬಲ್ಬನ್ ಸಮಾಧಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ರಾಜೋಂ ಕೀ ಬಾವ್ಲಿ ಎಂಬ ಬಾವಿ, ಜಮಾಲಿ ಕಮಾಲಿ ಮಸೀದಿ ಎಲ್ಲ ಇಲ್ಲಿವೆ. ಒಳಗೆ ಫಲಕಗಳು ಸಾಲವು, ಕಾಲುದಾರಿಗಳು ಕವಲೊಡೆಯುತ್ತವೆ. ಫೋನಿನಲ್ಲಿ ನಕ್ಷೆ ಇಳಿಸಿಟ್ಟುಕೊಳ್ಳಿ, ನೀರು ಒಯ್ಯಿರಿ, ಬೆಳಕಿರುವಾಗಲೇ ಹೊರಬನ್ನಿ.

ವಾಪಸು ಬರುವಾಗ ಲೋಕ ಕಲ್ಯಾಣ ಮಾರ್ಗದಲ್ಲಿ ಇಳಿದರೆ ಗಾಂಧಿ ಸ್ಮೃತಿ, ಅದೂ ಉಚಿತ. ಇನ್ನೂ ಎರಡು ಗಂಟೆ ಉಳಿದಿದ್ದರೆ ಅದರ ಮುಂದಿನ ನಿಲ್ದಾಣದಿಂದ ನ್ಯಾಷನಲ್ ಮ್ಯೂಸಿಯಂ. ಹೊತ್ತಿಲ್ಲದಿದ್ದರೆ ಹರಪ್ಪ ವಿಭಾಗವೊಂದನ್ನಾದರೂ ನೋಡಿ.