ಹನ್ನೆರಡು ಹಂತ, ಒಂದು ಗಂಟೆ: ಸರಪಳಿ ಯಂತ್ರಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ನಾನು ನಾಲ್ಕನೆಯ ತರಗತಿಯ ಶಿಕ್ಷಕಿ. ಮನೆಯಿಂದ ತಂದ ಸಾಮಾನುಗಳಲ್ಲಿ ಮಕ್ಕಳು ಹನ್ನೆರಡು ಹಂತಗಳ ಸರಪಳಿ ಯಂತ್ರ ಕಟ್ಟಿದ್ದಾರೆ. ಗೋಲಿ ಉರುಳಬೇಕು, ಡಾಮಿನೊ ಬಿಲ್ಲೆಗಳು ಬೀಳಬೇಕು, ದಾರ ಎಳೆಯಬೇಕು, ಕೊನೆಗೆ ಗಂಟೆ ಹೊಡೆಯಬೇಕು. ಎರಡು ವಾರವಾದರೂ ಗಂಟೆ ಒಮ್ಮೆಯೂ ಹೊಡೆದಿಲ್ಲ. ಮಕ್ಕಳು ಬೇಸತ್ತಿದ್ದಾರೆ. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ಮೊದಲು ಒಂದು ಲೆಕ್ಕ ಹಾಕೋಣ, ಮೇಡಂ. ಪ್ರತಿ ಹಂತವೂ ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ನಡೆಯುತ್ತದೆ ಎಂದುಕೊಳ್ಳಿ. ಕೇಳಲು ಚೆನ್ನಾಗಿಯೇ ಇದೆ. ಆದರೆ ಹನ್ನೆರಡೂ ಸಾಲಾಗಿ ನಡೆಯಬೇಕಾದರೆ 0.9 ಅನ್ನು ಹನ್ನೆರಡು ಸಲ ಗುಣಿಸಬೇಕು. ಬರುವುದು ಸುಮಾರು 0.28. ಅಂದರೆ ನೂರು ಸಲ ಗೋಲಿ ಬಿಟ್ಟರೆ ಗಂಟೆ ಹೊಡೆಯುವುದು 28 ಸಲ ಮಾತ್ರ. ಇನ್ನು ನಡುವೆ ಒಂದೆರಡು ಹಂತ ಅರ್ಧಕ್ಕರ್ಧ ಕೈಕೊಡುವಂತಿದ್ದರೆ ಎರಡು ವಾರ ಕಾದರೂ ಗಂಟೆ ಹೊಡೆಯದಿರುವುದು ಆಶ್ಚರ್ಯವೇ ಅಲ್ಲ. ಅದೇ ಒಂದೊಂದು ಹಂತವೂ ನೂರಕ್ಕೆ 99 ಸಲ ನಡೆಯುವಂತಾಗಲಿ, ಇಡೀ ಯಂತ್ರ ನೂರಕ್ಕೆ ಹೆಚ್ಚುಕಡಿಮೆ 89 ಸಲ ಓಡುತ್ತದೆ. ಹಂತಗಳ ಸಂಖ್ಯೆಯ ಮೇಲೆ ಮಕ್ಕಳಿಗೆ ಪೈಪೋಟಿ ಇಡುವುದು ನನಗೆ ಹಿಡಿಸದಿರುವುದು ಇದಕ್ಕೇ.

ಯಂತ್ರ ಸಾಮಾನ್ಯವಾಗಿ ನಿಲ್ಲುವುದು ಒಂದು ವಸ್ತು ಇನ್ನೊಂದಕ್ಕೆ ತಾಗುವ ಜಾಗದಲ್ಲಿ. ಒಂದು ಉದಾಹರಣೆ ನೋಡಿ. ರಟ್ಟಿನ ಕೊಳವೆಯಿಂದ ಇಳಿದ ಗೋಲಿ ಮೊದಲ ಡಾಮಿನೊ ಬಿಲ್ಲೆಗೆ ಬಡಿಯುತ್ತದೆ, ಬಿಲ್ಲೆ ಬೀಳುವ ಬದಲು ನಿಂತ ಹಾಗೆಯೇ ಹಿಂದಕ್ಕೆ ಜಾರುತ್ತದೆ. ಮಕ್ಕಳು ತಕ್ಷಣ ಕೊಳವೆಯನ್ನು ಇನ್ನಷ್ಟು ಎತ್ತರಿಸುತ್ತಾರೆ. ಗೋಲಿ ಜೋರಾಗಿ ಬರುತ್ತದೆ, ಬಿಲ್ಲೆ ಇನ್ನೂ ದೂರ ಜಾರುತ್ತದೆ. ಆಗ ಅವರನ್ನು ನೆಲದ ಮಟ್ಟಕ್ಕೆ ಕಣ್ಣು ತಂದು ನೋಡಲು ಹೇಳಿ. 16 ಮಿಲಿಮೀಟರ್ ಅಗಲದ ಗೋಲಿ ಬಿಲ್ಲೆಯನ್ನು ಮುಟ್ಟುವುದು ನೆಲದಿಂದ 8 ಮಿಲಿಮೀಟರ್ ಮೇಲೆ, ಅಂದರೆ ಅದರ ಪಾದಕ್ಕೆ. ಪಾದಕ್ಕೆ ಹೊಡೆದರೆ ಜಾರುತ್ತದೆ, ಭುಜಕ್ಕೆ ಹೊಡೆದರೆ ಉರುಳುತ್ತದೆ. ಕೊಳವೆಯ ಬಾಯಿಯ ಕೆಳಗೆ ಎರಡೂವರೆ ಸೆಂಟಿಮೀಟರ್ ದಪ್ಪದ ಪುಸ್ತಕವೊಂದನ್ನು ಇಟ್ಟು, ಬಿಲ್ಲೆಯನ್ನು ಅದಕ್ಕೆ ಹತ್ತಿರವೇ ನಿಲ್ಲಿಸಿದರೆ ಸಾಕು, ಮೆಲ್ಲಗೆ ಬಂದ ಗೋಲಿಯೂ ಅದನ್ನು ಕೆಡವುತ್ತದೆ. ಈ ಪುಸ್ತಕದ ಉಪಾಯವನ್ನು ದಯವಿಟ್ಟು ನೀವೇ ಹೇಳಿಬಿಡಬೇಡಿ. ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ ಮಗುವಿಗೆ ಅದು ತಾನಾಗಿ ಹೊಳೆಯುತ್ತದೆ.

ಈಗಿರುವುದನ್ನು ಬಿಚ್ಚಿ, ಕೊನೆಯಿಂದ ಕಟ್ಟುತ್ತಾ ಬನ್ನಿ. ಮೊದಲು ಗಂಟೆ ಮತ್ತು ಅದನ್ನು ಹೊಡೆಯುವ ವಸ್ತು. ಅದು ಸತತವಾಗಿ ಹತ್ತು ಸಲ ನಡೆದ ಮೇಲೆಯೇ ಅದರ ಹಿಂದಿನ ಹಂತ. ಒಂದು ಮಗು ಹಾಳೆಯಲ್ಲಿ ಗೀಟು ಎಳೆಯುತ್ತಾ ಲೆಕ್ಕ ಇಡಲಿ. ಒಂದು ಸಲ ತಪ್ಪಿದರೂ ಎಣಿಕೆ ಮತ್ತೆ ಒಂದರಿಂದ. ಹೀಗೆ ಮಾಡಿದರೆ ಮೊದಲ ದಿನವೇ ಗಂಟೆ ಹೊಡೆಯುತ್ತದೆ, ಆಮೇಲೆ ಸೇರಿಸಿದ ಪ್ರತಿ ಹಂತಕ್ಕೂ ಮತ್ತೆ ಹೊಡೆಯುತ್ತದೆ. ಬಿಲ್ಲೆಗಳ ಸಾಲು ಕಟ್ಟುವಾಗ ಅಲ್ಲಲ್ಲಿ ಎರಡು ಮೂರು ಬಿಲ್ಲೆಗಳ ಜಾಗ ಖಾಲಿ ಬಿಟ್ಟು, ಕೊನೆಗೆ ತುಂಬಿಸಿ. ಯಾರದೋ ಮೊಣಕೈ ತಾಗಿದರೂ ಇಡೀ ಸಾಲು ಬಿದ್ದುಹೋಗುವುದಿಲ್ಲ.

ಇನ್ನೊಂದು ತಪ್ಪು ಕಲ್ಪನೆಯೂ ಮಕ್ಕಳಲ್ಲಿ ಇರುತ್ತದೆ: ಆರಂಭದಲ್ಲಿ ತಳ್ಳಿದ ಬಲವೇ ಕೊನೆಯವರೆಗೂ ಹರಿದುಹೋಗುತ್ತದೆ ಎಂದು. ಹಾಗಿದ್ದರೆ ಘರ್ಷಣೆ ಅದನ್ನು ಎರಡು ಮೂರು ಹಂತಗಳಲ್ಲೇ ನುಂಗಿಬಿಡುತ್ತಿತ್ತು. ನಿಜವಾಗಿ ಪ್ರತಿ ಹಂತವೂ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಕಾಯುತ್ತಿರುತ್ತದೆ. ಎತ್ತಿ ನಿಲ್ಲಿಸಿದ ಬಿಲ್ಲೆ, ಏರಿಸಿಟ್ಟ ಗೋಲಿ, ಎಳೆದು ಸಿಕ್ಕಿಸಿದ ರಬ್ಬರ್ ಬ್ಯಾಂಡ್, ಇವೆಲ್ಲವುಗಳಲ್ಲಿ ಮಕ್ಕಳ ಕೈ ತುಂಬಿಟ್ಟ ಪ್ರಚ್ಛನ್ನ ಶಕ್ತಿ ಇದೆ. ಹಿಂದಿನ ಹಂತದ ಕೆಲಸ ಕೊಕ್ಕೆ ಕಳಚುವುದಷ್ಟೆ. ಭೌತವಿಜ್ಞಾನಿ ಲಾರ್ನ್ ವೈಟ್‌ಹೆಡ್ 1983ರಲ್ಲಿ ಪ್ರಕಟಿಸಿದ ಪುಟ್ಟ ಲೇಖನವೊಂದರಲ್ಲಿ, ಒಂದು ಬಿಲ್ಲೆ ತನಗಿಂತ ಎಲ್ಲ ಅಳತೆಯಲ್ಲೂ ಸುಮಾರು ಒಂದೂವರೆ ಪಟ್ಟು ದೊಡ್ಡದಾದ ಬಿಲ್ಲೆಯನ್ನು ಕೆಡವಬಲ್ಲದು ಎಂದು ವಿವರಿಸಿದರು. ನೀವು ರಟ್ಟಿನ ಪೆಟ್ಟಿಗೆಗಳಲ್ಲಿ ಮಾಡಿ ನೋಡಿ: 4 ಸೆಂಟಿಮೀಟರ್ ಎತ್ತರದ್ದು, ಆಮೇಲೆ 6, 9, ಹದಿಮೂರೂವರೆ, 20. ಕಿರುಬೆರಳಿನಿಂದ ತಾಗಿಸಿದ್ದು ಕೊನೆಗೆ ದೊಡ್ಡ ಪೆಟ್ಟಿಗೆಯನ್ನು ಧೊಪ್ಪೆಂದು ಕೆಡವಿದಾಗ “ಇಷ್ಟು ಶಕ್ತಿ ಎಲ್ಲಿಂದ ಬಂತು?” ಎಂದು ಕೇಳಿ ಸುಮ್ಮನಿರಿ. ಪಾಠ ಅಲ್ಲಿಂದ ತೆರೆದುಕೊಳ್ಳುತ್ತದೆ.

ಪ್ರಶ್ನೆ: ನನ್ನ ಏಳು ವರ್ಷದ ಮಗ ವಿಡಿಯೊಗಳಲ್ಲಿ ಇಂಥ ಯಂತ್ರಗಳನ್ನು ನೋಡಿ ತಾನೂ ಮಾಡಲು ಕೂರುತ್ತಾನೆ. ಅಲ್ಲಿ ಎಲ್ಲವೂ ಒಂದೇ ಸಲಕ್ಕೆ ಓಡುತ್ತದೆ, ತನ್ನದು ಓಡುವುದಿಲ್ಲ ಎಂದು ಅಳುತ್ತಾನೆ. ಏನು ಹೇಳಲಿ?

ಉತ್ತರ: ಅಲ್ಲಿಯೂ ಒಂದೇ ಸಲಕ್ಕೆ ಓಡಿರುವುದಿಲ್ಲ ಎಂದು ಹೇಳಿ. ಸ್ವಿಟ್ಜರ್ಲೆಂಡಿನ ಕಲಾವಿದರಾದ ಪೀಟರ್ ಫಿಶ್ಲಿ ಮತ್ತು ಡೇವಿಡ್ ವೈಸ್ 1987ರಲ್ಲಿ ಟೈರು, ಏಣಿ, ಬಾಟಲಿಗಳ ಇಂಥದೇ ಸರಪಳಿಯನ್ನು ಸುಮಾರು ಅರ್ಧ ಗಂಟೆಯ ಚಿತ್ರವಾಗಿ ಮಾಡಿದರು. ಒಂದೇ ಉಸಿರಿಗೆ ನಡೆದಂತೆ ಕಾಣುತ್ತದೆ, ಕಣ್ಣಿಟ್ಟು ನೋಡಿದರೆ ನಡುನಡುವೆ ಕತ್ತರಿ ಆಡಿರುವುದು ತಿಳಿಯುತ್ತದೆ. ಮಗನ ಯಂತ್ರ ಬೀಳುವುದನ್ನೂ ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಚಿತ್ರೀಕರಿಸಿ, ಅಪ್ಪ ಮಗ ಕೂತು ನೋಡಿ. ಯಾವ ಜಾಗದಲ್ಲಿ ತಪ್ಪಿತು ಎಂದು ಪತ್ತೆ ಮಾಡುವುದೇ ಆಟವಾದರೆ ಅಳು ತಾನಾಗಿ ಕಡಿಮೆಯಾಗುತ್ತದೆ. ಜೋಡಿಸುವಾಗ ಮಾತ್ರ ನಿಮ್ಮ ಕೈ ನಿಮ್ಮ ಮಡಿಲಲ್ಲೇ ಇರಲಿ. ಇದು ಅಪ್ಪಂದಿರಿಗೆ ಬಹಳ ಕಷ್ಟದ ಕೆಲಸ ಎಂದು ಬಲ್ಲೆ.

ಪ್ರಶ್ನೆ: ಇಂಥ ಯಂತ್ರಗಳಿಗೆ ರೂಬ್ ಗೋಲ್ಡ್‌ಬರ್ಗ್ ಹೆಸರು ಏಕೆ? ಆತ ವಿಜ್ಞಾನಿಯೇ?

ಉತ್ತರ: ವ್ಯಂಗ್ಯಚಿತ್ರಕಾರ. 1883ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿ, ಆ ನಗರದ ನೀರು ಮತ್ತು ಚರಂಡಿ ವಿಭಾಗದಲ್ಲಿ ಕೆಲವೇ ತಿಂಗಳು ದುಡಿದು ಪತ್ರಿಕೆಗೆ ಸೇರಿದರು. ಬಾಯಿ ಒರೆಸಿಕೊಳ್ಳುವಂಥ ಸಣ್ಣ ಕೆಲಸಕ್ಕೆ ಹತ್ತು ಹನ್ನೆರಡು ಹಂತಗಳ ಯಂತ್ರ ಬರೆದು, ಪ್ರತಿ ಭಾಗಕ್ಕೂ ಒಂದೊಂದು ಅಕ್ಷರ ಹಾಕಿ ವಿವರಿಸುವುದು ಅವರ ಶೈಲಿ. ಮಕ್ಕಳೂ ಕಟ್ಟುವ ಮೊದಲು ಹಾಗೆಯೇ ಬರೆಯಲಿ, ಒಳ್ಳೆಯದೇ. ಆದರೆ ಅವರ ಚಿತ್ರದ ಗಿಳಿ ಹೇಳಿದ ಹೊತ್ತಿಗೆ ಸರಿಯಾಗಿ ಹಾರುತ್ತದೆ. ಕಾಗದದ ಮೇಲೆ ಘರ್ಷಣೆ ಇಲ್ಲವಲ್ಲ!

ಪ್ರಶ್ನೆ: ಉರಿಯುವ ಮೇಣದಬತ್ತಿಯಿಂದ ದಾರ ಸುಟ್ಟು ತೂಕ ಕೆಳಗೆ ಬೀಳುವ ಹಂತವನ್ನು ಐದನೆಯ ತರಗತಿಯ ಮಕ್ಕಳಿಂದ ಮಾಡಿಸಬಹುದೇ?

ಉತ್ತರ: ಬೇಡ. ನಿಮಗೆ ಬೇಕಾಗಿರುವುದು ಬೆಂಕಿಯಲ್ಲ, ತಡಮಾಡುವ ಗುಣ. ಅದಕ್ಕೆ ಮರಳು ಸಾಕು. ಅಳತೆಪಟ್ಟಿಯ ನಡುವೆ ಪೆನ್ಸಿಲ್ ಇಟ್ಟು ಏತದಂತೆ ಮಾಡಿ. ಒಂದು ತುದಿಯಲ್ಲಿ ಮರಳು ತುಂಬಿದ ಕಾಗದದ ಲೋಟ, ಇನ್ನೊಂದು ತುದಿಯಲ್ಲಿ ಅದಕ್ಕಿಂತ ತುಸು ಹಗುರವಾದ ರಬ್ಬರ್. ಎರಡನ್ನೂ ಟೇಪಿನಿಂದ ಅಂಟಿಸಿ. ಲೋಟವನ್ನು ಮೇಜಿನ ಅಂಚಿನಿಂದ ಆಚೆ ಚಾಚಿ, ತಳದಲ್ಲಿ ಪೆನ್ಸಿಲ್ ಮೊನೆಯಷ್ಟು ತೂತು ಮಾಡಿ, ತೂತನ್ನು ಟೇಪಿನಿಂದ ಮುಚ್ಚಿಡಿ. ಹಿಂದಿನ ಹಂತದ ದಾರ ಆ ಟೇಪನ್ನು ಕಿತ್ತರೆ ಮರಳು ಸೋರತೊಡಗುತ್ತದೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ತರಗತಿಯೆಲ್ಲ ಉಸಿರು ಬಿಗಿ ಹಿಡಿದಿರುವಾಗ ರಬ್ಬರ್ ಇರುವ ತುದಿ ಮೆಲ್ಲನೆ ಕೆಳಗಿಳಿಯುತ್ತದೆ.